ಸುಳ್ಳಿನ ಮೇಲೆ ಕಟ್ಟಿದ ಮಾಂಗಲ್ಯ



ಮಠಕ್ಕೆ ಬರುವ ಹಿರಿಯರು ಮಳೆ-ಬೆಳೆ, ಸಾಲ-ಸೋಲ, ಅಣ್ಣತಮ್ಮಂದಿರ ಹೊಲ-ಮನೆ ಪಾಲಿನ ಮಾತನ್ನು ಹತ್ತು ಮಂದಿಯ ಎದುರಿಗೇ ಆಡುತ್ತಾರೆ. ಕೆಲವು ಸಂಗತಿಗಳನ್ನು ಮಾತ್ರ ಮಂದಿ ಕರಗಿದ ಮೇಲೆ, ದನಿ ತಗ್ಗಿಸಿ, ನೆಲ ನೋಡುತ್ತ ಹೇಳುತ್ತಾರೆ. "ಅಜ್ಜಾರ, ಮಗಗ ಮೂವತ್ತು ದಾಟಿದುವು. ಎಷ್ಟು ಕನ್ಯಾ ತೋರಿಸಿದ್ರೂ ಒಲ್ಲೆ ಅಂತಾನ. ಹೆಣ್ಣಿನ ಮ್ಯಾಲೆ ನನಗ ಮನಸ್ಸಿಲ್ಲ, ನಾ ಇರೋದ ಹಿಂಗ ಅಂತಾನ. ಹೆಂಗಾರ ಮಾಡಿ ನಾಲ್ಕು ಅಕ್ಕಿಕಾಳು ಹಾಕಿಬಿಟ್ರ ಸರಿಹೋಗ್ತಾನೇನ್ರಿ?" ಈ ಪ್ರಶ್ನೆ ಈಚಿನ ವರ್ಷಗಳಲ್ಲಿ ಒಂದೇ ಮನೆಯಿಂದ ಬಂದದ್ದಲ್ಲ. ಕೇಳಿದವರು ಯಾರು, ಯಾವ ಊರಿನವರು ಎಂಬುದು ನಮ್ಮಲ್ಲಿಯೇ ಉಳಿಯುತ್ತದೆ. ಆದರೆ ಪ್ರಶ್ನೆ ಸಮಾಜದ್ದು. ಆದ್ದರಿಂದ ಉತ್ತರವನ್ನೂ ಸಮಾಜದ ಎದುರಿಗೇ ಹೇಳಬೇಕೆಂದು ಈ ವಾರ ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ಧರ್ಮದ ಅಂಕಣದಲ್ಲಿ ಇದೇನು ಮಾತು ಎಂದು ಕೆಲವರಿಗೆ ಮುಜುಗರವಾಗಬಹುದು. ಮನೆಯೊಳಗೆ ಹೊಗೆ ತುಂಬಿದಾಗ ಬಾಗಿಲು ಹಾಕಿಕೊಂಡರೆ ಓಣಿಯವರಿಗೆ ಹೊಗೆ ಕಾಣಲಿಕ್ಕಿಲ್ಲ. ಒಳಗಿದ್ದವರ ಉಸಿರು ಮಾತ್ರ ಕಟ್ಟುತ್ತದೆ. ಗುರುವಾದವನು ಬಾಗಿಲು ತೆರೆಯಬೇಕೇ ಹೊರತು ಹೊರಗಿನಿಂದ ಅಗಳಿ ಹಾಕಬಾರದು.

ನ್ಯಾಯಾಲಯ ಹೇಳಿದ್ದೇನು?

ಮೊದಲು ರಾಜಶಾಸನದ ಮಾತು. ಈ ವಿಷಯದಲ್ಲಿ ಹಳ್ಳಿಗಳಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ಇದು ಈಗಲೂ ಜೈಲಿಗೆ ಹಾಕುವ ಅಪರಾಧವೆಂದು ಕೆಲವರು ತಿಳಿದಿದ್ದಾರೆ. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮದುವೆಯಾಗಲು ಸರಕಾರ ಕಾನೂನು ಮಾಡಿದೆಯೆಂದು ಇನ್ನು ಕೆಲವರು ತಿಳಿದಿದ್ದಾರೆ. ಎರಡೂ ನಿಜವಲ್ಲ.

ಇಂಗ್ಲಿಷರು 1860ರಲ್ಲಿ ಮಾಡಿದ ಭಾರತೀಯ ದಂಡ ಸಂಹಿತೆಯ 377ನೆಯ ಕಲಮು ಇದನ್ನು ಪ್ರಕೃತಿವಿರುದ್ಧ ಅಪರಾಧವೆಂದು ಕರೆದು, ಜೀವಾವಧಿಯವರೆಗೂ ಶಿಕ್ಷೆ ಕೊಡಲು ಅವಕಾಶ ಮಾಡಿತ್ತು. ಆ ಇಂಗ್ಲೆಂಡು 1967ರಲ್ಲಿಯೇ ತನ್ನ ನೆಲದಲ್ಲಿ, ಖಾಸಗಿಯಾಗಿರುವ ವಯಸ್ಕರ ಮಟ್ಟಿಗೆ, ಇದನ್ನು ಅಪರಾಧಗಳ ಪಟ್ಟಿಯಿಂದ ತೆಗೆಯಿತು; ನಮ್ಮಲ್ಲಿ ಅವರು ಬಿಟ್ಟುಹೋದ ಕಲಮು ಹಾಗೆಯೇ ಉಳಿಯಿತು. 2009ರ ಜುಲೈ 2ರಂದು ದಿಲ್ಲಿಯ ಉಚ್ಚ ನ್ಯಾಯಾಲಯ, ವಯಸ್ಕರಿಬ್ಬರು ಒಪ್ಪಿ ನಡೆದರೆ ಅದು ಅಪರಾಧವಲ್ಲವೆಂದಿತು. ಅದರ ವಿರುದ್ಧ ಹಿಂದೂ, ಮುಸ್ಲಿಂ, ಕ್ರೈಸ್ತ ಕಡೆಯವರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಬೇರೆ ಯಾವುದಕ್ಕೂ ಒಂದೇ ಜಮಖಾನೆಯ ಮೇಲೆ ಕೂರದವರು ಇದಕ್ಕೆ ಒಂದಾಗಿ ನಿಂತರು. 2013ರ ಡಿಸೆಂಬರ್ 11ರಂದು ಆ ತೀರ್ಪು ರದ್ದಾಯಿತು. ಕೊನೆಗೆ 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ, ಒಪ್ಪಿಗೆಯುಳ್ಳ ವಯಸ್ಕರ ಖಾಸಗಿ ಬಾಳು ಅಪರಾಧವಲ್ಲವೆಂದು ಒಮ್ಮತದಿಂದ ತೀರ್ಮಾನಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಮೇ ಇಲ್ಲ. ಮಕ್ಕಳ ಮೇಲಿನ ದೌರ್ಜನ್ಯಕ್ಕೆ ಮಾತ್ರ 2012ರ ಪೋಕ್ಸೊ ಕಾಯಿದೆಯ ಕಠಿಣ ಶಿಕ್ಷೆ ಇದ್ದೇ ಇದೆ. ಅದು ಗಂಡು-ಹೆಣ್ಣೆಂಬ ಭೇದವಿಲ್ಲದೆ ಎಲ್ಲರಿಗೂ ಅನ್ವಯಿಸುತ್ತದೆ.

ಆ ಐವರಲ್ಲಿ ಒಬ್ಬರಾದ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಅವರ ವಿಷಯವನ್ನು ಭಕ್ತರು ಗಮನಿಸಬೇಕು. ಅದೇ ತಿಂಗಳ 28ರಂದು ಶಬರಿಮಲೆಯ ಪ್ರಕರಣದಲ್ಲಿ ಉಳಿದ ನಾಲ್ವರನ್ನು ಒಪ್ಪದೆ, ಭಕ್ತರ ನಂಬಿಕೆಯನ್ನು ನ್ಯಾಯಾಲಯ ತನ್ನ ತಕ್ಕಡಿಯಲ್ಲಿ ತೂಗಬಾರದೆಂದು ಒಬ್ಬರೇ ಬೇರೆ ತೀರ್ಪು ಬರೆದ ತಾಯಿ ಇವರು. ಧರ್ಮದ ಆಚರಣೆಯ ಮೇಲೆ ಅಷ್ಟು ಗೌರವವಿಟ್ಟವರೇ, ಇಂಥ ಮಕ್ಕಳೂ ಅವರ ಕುಟುಂಬಗಳೂ ಶತಮಾನಗಳಿಂದ ಉಂಡ ಅವಮಾನಕ್ಕಾಗಿ ಇತಿಹಾಸವು ಅವರಲ್ಲಿ ಕ್ಷಮೆ ಕೇಳಬೇಕಾಗಿದೆ ಎಂಬ ಅಭಿಪ್ರಾಯವನ್ನು ಬರೆದರು. ನಂಬಿಕೆಗೆ ಗೌರವ ಬೇರೆ, ನಂಬಿಕೆಯ ಹೆಸರಿನಲ್ಲಿ ಮನುಷ್ಯನನ್ನು ಜೈಲಿಗೆ ಹಾಕುವುದು ಬೇರೆ ಎಂಬುದನ್ನು ಅವರ ಈ ಎರಡು ತೀರ್ಪುಗಳಿಂದ ತಿಳಿಯಬಹುದು.

ಇನ್ನು ಮದುವೆ. 2023ರ ಅಕ್ಟೋಬರ್ 17ರಂದು ಸರ್ವೋಚ್ಚ ನ್ಯಾಯಾಲಯದ ಮತ್ತೊಂದು ಐವರ ಪೀಠ, ಮದುವೆಯಾಗುವುದು ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ. ಇಂಥ ಮದುವೆಗೆ ಮಾನ್ಯತೆ ಕೊಡುವುದೋ ಬಿಡುವುದೋ ಶಾಸನಸಭೆಗೆ ಸೇರಿದ್ದು ಎಂದಿತು. ಅದನ್ನು ಮರುಪರಿಶೀಲಿಸಬೇಕೆಂದು ಹಾಕಿದ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು. ನಡುವೆ 2024ರಲ್ಲಿ ಕೇಂದ್ರ ಸರಕಾರ, ಒಟ್ಟಿಗೆ ಬಾಳುವ ಇಂಥವರನ್ನು ರೇಷನ್ ಕಾರ್ಡಿನ ಮಟ್ಟಿಗೆ ಒಂದೇ ಮನೆಯವರೆಂದು ಪರಿಗಣಿಸಬೇಕು, ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು ಅಡ್ಡಿಯಿಲ್ಲ ಎಂದು ತಿಳಿಸಿತು. ಅಂದರೆ, ಅಪರಾಧವಲ್ಲ, ಮದುವೆಯೂ ಅಲ್ಲ. ಕಾನೂನು ಇಷ್ಟಕ್ಕೆ ನಿಂತಿದೆ. ಮುಂದಿನ ಮಾತು ಮನೆಯದು, ಮಠದ್ದು.

ಶಾಸ್ತ್ರ ಮತ್ತು ಸಿದ್ಧಾಂತ

ಶಾಸ್ತ್ರದಲ್ಲಿ ಇದಕ್ಕೆ ಒಪ್ಪಿಗೆಯಿದೆಯೇ ಎಂದು ಕೇಳಿದರೆ ನೇರವಾಗಿ ಹೇಳುತ್ತೇವೆ: ಸ್ಮೃತಿಗಳು ಇದನ್ನು ಮೆಚ್ಚಿಲ್ಲ. ಮನುಸ್ಮೃತಿ ಇದನ್ನು ದೋಷಗಳಲ್ಲಿ ಎಣಿಸಿದೆ. ಅದಕ್ಕೆ ಹೇಳಿದ ಪ್ರಾಯಶ್ಚಿತ್ತಗಳಲ್ಲಿ ಉಟ್ಟ ಬಟ್ಟೆಯ ಸಮೇತ ಮಾಡುವ ಸ್ನಾನವೂ ಒಂದು. ಕೌಟಿಲ್ಯನ ಅರ್ಥಶಾಸ್ತ್ರ ದಂಡವನ್ನು ವಿಧಿಸುತ್ತದೆ. ಮೆಚ್ಚಲಿಲ್ಲವೆಂಬುದು ನಿಜ. ಆದರೆ ಸ್ನಾನಕ್ಕೂ ಜೀವಾವಧಿ ಸೆರೆಗೂ ಎಷ್ಟು ದೂರವೆಂಬುದನ್ನು ಹಿರಿಯರು ಯೋಚಿಸಬೇಕು. "ಇದು ಪರದೇಶದ ಗಾಳಿ" ಎನ್ನುವವರು, ಜೈಲಿನ ಕಲಮು ಕೂಡ ಪರದೇಶದಿಂದಲೇ ಬಂದದ್ದು ಎಂಬುದನ್ನು ನೆನಪಿಡಬೇಕು.

ನಮ್ಮ ಊರುಗಳೂ ಇಂಥ ಬಾಳುಗಳನ್ನು ಕಾಣದೆ ಇದ್ದವಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡದ ಜೋಗಪ್ಪಂದಿರನ್ನು ಕಾಣದ ಹಿರಿಯರು ಈ ಸೀಮೆಯಲ್ಲಿ ಯಾರಿದ್ದಾರೆ? ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವುದು ಬೇರೆ, ಗಂಡಾಗಿಯೇ ಇದ್ದು ಗಂಡಿನಲ್ಲಿ ಮನಸ್ಸಿಡುವುದು ಬೇರೆ. ಎರಡನ್ನೂ ಒಂದೇ ಎಂದು ತಿಳಿಯಬಾರದು. ಆದರೆ ಮನೆಯವರ ನಡತೆ ಎರಡು ಕಡೆಯೂ ಒಂದೇ ತೆರನಾದದ್ದು. ಜೋಗತಿಯ ತಲೆಯ ಮೇಲಿನ ಕೊಡಕ್ಕೆ ಊರೆಲ್ಲ ಕೈಮುಗಿಯಿತು. ಅದನ್ನು ಹೊತ್ತವರಿಗೆ ಹುಟ್ಟಿದ ಮನೆಯ ಪಡಸಾಲೆಯಲ್ಲಿ ಜಾಗ ಸಿಗಲಿಲ್ಲ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀಗೆ ಪಾತ್ರರಾದರು. ರಾಷ್ಟ್ರವೇ ಕರೆದು ಗೌರವಿಸಿದ ಮೇಲೆ ನಾವೂ ಚಪ್ಪಾಳೆ ತಟ್ಟಿದೆವು. ಚಪ್ಪಾಳೆ ತಟ್ಟುವುದಕ್ಕಿಂತ ಮೊದಲೇ ಮನೆಯ ಬಾಗಿಲು ತೆರೆಯುವುದು ಧರ್ಮ.

ಇನ್ನು ವೀರಶೈವ ಸಿದ್ಧಾಂತ. ನಮ್ಮದು ಗೃಹಸ್ಥಾಶ್ರಮವನ್ನು ಗೌರವಿಸಿದ ಧರ್ಮ. ಸತಿಪತಿಗಳು ಕೂಡಿ ಲಿಂಗಪೂಜೆ ಮಾಡುವುದನ್ನು, ಕಾಯಕದಿಂದ ಬಂದದ್ದನ್ನು ದಾಸೋಹಕ್ಕೆ ಸಲ್ಲಿಸುವುದನ್ನು ಶರಣರು ಬಾಳಿ ತೋರಿಸಿದರು. ಕಾಮಕ್ಕೆ ಕಟ್ಟು ಬೇಕೆಂದರು. ಪರಸ್ತ್ರೀ, ಪರಧನಗಳನ್ನು ಮುಟ್ಟಬಾರದೆಂದು ಮತ್ತೆ ಮತ್ತೆ ಎಚ್ಚರಿಸಿದರು. ನಮ್ಮ ವಿವಾಹವಿಧಿ ವಧೂವರರಿಗಾಗಿ ರಚಿತವಾದದ್ದು. ಅದನ್ನು ಈ ಪೀಠದಲ್ಲಿ ಕುಳಿತು ನಾವು ಬದಲಿಸುವುದಿಲ್ಲ. ಈ ಮಾತು ಕೆಲವು ತರುಣರಿಗೆ ಕಹಿಯಾಗಬಹುದು. ಬೆನ್ನ ಹಿಂದೆ ಒಂದು, ಎದುರಿಗೆ ಒಂದು ಹೇಳುವುದು ಗುರುಪೀಠಕ್ಕೆ ಶೋಭಿಸದು. ಆದ್ದರಿಂದ ಎದುರಿಗೇ ಹೇಳಿದ್ದೇವೆ.

ಆದರೆ ವಿವಾಹವಿಧಿ ಇಲ್ಲವೆಂದ ಮಾತ್ರಕ್ಕೆ ಆ ಮನುಷ್ಯನೇ ಧರ್ಮದಿಂದ ಹೊರಗಾದನೇ? ಇಲ್ಲಿಯೇ ನಾವು ನಿಂತು ಯೋಚಿಸಬೇಕು. ದೀಕ್ಷೆಯೆಂದರೆ ಗುರುವು ಶಿಷ್ಯನ ಮಲತ್ರಯಗಳನ್ನು ಕಳೆದು, ಅವನ ಪೂರ್ವಾಶ್ರಯವನ್ನು ನಿವಾರಿಸಿ, ಇಷ್ಟಲಿಂಗವನ್ನು ಅವನ ಕರಸ್ಥಲಕ್ಕೆ ಕೊಡುವುದು. ಕೊಟ್ಟ ಲಿಂಗ ಪ್ರಾಣವಿರುವವರೆಗೆ ದೇಹದಿಂದ ಅಗಲಬಾರದು ಎಂಬುದು ನಮ್ಮ ಆಚಾರ. ನಿನ್ನ ಮನಸ್ಸು ಯಾರ ಕಡೆ ಎಂದು ಕೇಳಿ ಲಿಂಗ ಕಟ್ಟಿದವರು ಯಾರೂ ಇಲ್ಲ; ಅದನ್ನು ಕೇಳಿ ಬಿಚ್ಚುವ ಅಧಿಕಾರವೂ ಯಾರಿಗೂ ಇಲ್ಲ. ಪಂಚಾಚಾರಗಳಲ್ಲಿ ಶಿವಾಚಾರವೆಂದರೆ ಲಿಂಗಧಾರಿಗಳಲ್ಲಿ ಭೇದವೆಣಿಸದೆ ಅವರನ್ನು ಶಿವಸ್ವರೂಪರೆಂದು ಕಾಣುವುದು. ಗಣಾಚಾರವೆಂದರೆ ಶಿವನಿಂದೆಯನ್ನೂ ಶಿವಭಕ್ತರ ನಿಂದೆಯನ್ನೂ ಕೇಳಿ ಸುಮ್ಮನಿರದೆ ಇರುವುದು. ಕಟ್ಟೆಯ ಮೇಲೆ ಕುಳಿತವರು ಒಬ್ಬ ಲಿಂಗವಂತ ಹುಡುಗನ ನಡಿಗೆಯನ್ನು, ದನಿಯನ್ನು ಅಣಕಿಸಿ ನಗುವಾಗ ಪಕ್ಕದಲ್ಲಿದ್ದ ಹಿರಿಯರು ತಾವೂ ನಕ್ಕರೆ, ಪಂಚಾಚಾರಗಳಲ್ಲಿ ಎರಡು ಅಲ್ಲಿಯೇ ಮುರಿದವು.

ಮತ್ತೊಂದು ಮಾತು. ಶರಣಸತಿ-ಲಿಂಗಪತಿ ಭಾವವು ನಮ್ಮ ಸಿದ್ಧಾಂತದ ಹೃದಯ. ಮೀಸೆ ಹೊತ್ತ ಗಂಡಸೂ ಲಿಂಗದ ಎದುರು ಸತಿ, ಪರಶಿವನೊಬ್ಬನೇ ಪತಿ. ಇದನ್ನೇ ಹಿಡಿದು, ಶರಣರು ಇಂಥ ಬಾಳಿಗೆ ಅಪ್ಪಣೆ ಕೊಟ್ಟಿದ್ದರೆಂದು ವಾದಿಸಿದರೆ ಅದು ಅಧ್ಯಾತ್ಮವನ್ನು ಲೌಕಿಕಕ್ಕೆ ಎಳೆದಂತೆ. ಅದನ್ನು ನಾವು ಒಪ್ಪುವುದಿಲ್ಲ. ಆದರೆ ಅದರಿಂದ ಕಲಿಯಬೇಕಾದ ಪಾಠ ಒಂದಿದೆ. ಲಿಂಗದ ಎದುರು ಗಂಡಸುತನದ ಗರ್ವ ಉಳಿಯುವುದಿಲ್ಲ. ಗಂಡಾಗಿ ಹುಟ್ಟಿಯೂ ಗಂಡಸಿನ ಹಾಗಿಲ್ಲವೆಂದು ಇನ್ನೊಬ್ಬನನ್ನು ಹಂಗಿಸುವವನು, ದಿನಾ ಬೆಳಿಗ್ಗೆ ಪೂಜೆಗೆ ಕುಳಿತಾಗ ತಾನು ಏನಾಗಿ ಕುಳಿತಿದ್ದೇನೆ ಎಂಬುದನ್ನು ಮರೆತಿದ್ದಾನೆ.

ಶಬ್ದವೊಂದರ ಬಗೆಗೂ ಹೇಳಬೇಕು. ಪತ್ರಿಕೆಗಳು ಇದಕ್ಕೆ ಸಲಿಂಗಕಾಮವೆಂಬ ಪದ ಬಳಸುತ್ತವೆ. ಗಂಡುಹೆಣ್ಣಿನ ಬಾಳನ್ನು ನಾವು ದಾಂಪತ್ಯವೆನ್ನುತ್ತೇವೆ, ಸಂಸಾರವೆನ್ನುತ್ತೇವೆ. ಅದರಲ್ಲಿ ಅಡಿಗೆ, ಆರೈಕೆ, ಜಗಳ, ಮುಪ್ಪು ಎಲ್ಲವೂ ಕಾಣುತ್ತದೆ. ಇವರ ಬಾಳಿಗೆ ಮಾತ್ರ ಅರಿಷಡ್ವರ್ಗದ ಮೊದಲನೆಯದನ್ನೇ ಹೆಸರಾಗಿಟ್ಟೆವು. ಹೆಸರು ಹಾಗಿಟ್ಟ ಮೇಲೆ ಕಣ್ಣಿಗೆ ಬೇರೇನೂ ಕಾಣದಾಯಿತು. ಕಾಮವು ಎಲ್ಲರಲ್ಲಿಯೂ ಇದೆ, ನಿಗ್ರಹವು ಎಲ್ಲರಿಗೂ ಬೇಕು. ಇನ್ನೊಬ್ಬರ ಸಂಸಾರ ಮುರಿದವನು ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕುಳಿತಿರುವಾಗ, ಯಾರಿಗೂ ಕೇಡು ಬಯಸದ ಹುಡುಗನನ್ನು ಹೊರಗೆ ನಿಲ್ಲಿಸುವ ತಕ್ಕಡಿ ಶಿವನದಲ್ಲ.

ಬೇರೆ ಧರ್ಮಗಳ ಪಾಡು

ಈ ತಳಮಳ ನಮ್ಮೊಬ್ಬರದೇ ಅಲ್ಲ. 2023ರ ಡಿಸೆಂಬರ್ 18ರಂದು, ಆಗಿನ ಪೋಪ್ ಫ್ರಾನ್ಸಿಸ್ ಅವರ ಅನುಮತಿಯಿಂದ ರೋಮಿನ ಕ್ಯಾಥೊಲಿಕ್ ಪೀಠ ಒಂದು ಘೋಷಣೆ ಹೊರಡಿಸಿತು. ಮದುವೆಯೆಂಬುದು ಗಂಡುಹೆಣ್ಣಿನ ನಡುವಿನದೇ. ಆದರೆ ಇಂಥ ಜೋಡಿ ಬಂದು ಆಶೀರ್ವಾದ ಬೇಡಿದರೆ, ಅದು ಮದುವೆಯಂತೆ ಕಾಣದ ಹಾಗೆ, ಪಾದ್ರಿಗಳು ಹರಸಬಹುದು ಎಂಬುದು ಅದರ ಸಾರ. ಮುಂದಿನ ತಿಂಗಳೇ ಆಫ್ರಿಕಾ ಖಂಡದ ಬಿಷಪ್ಪರು ತಮ್ಮಲ್ಲಿ ಇದು ನಡೆಯದೆಂದರು. ಇಂಗ್ಲೆಂಡಿನ ಚರ್ಚು ಅದೇ ಡಿಸೆಂಬರಿನಲ್ಲಿ ಇಂಥವರಿಗಾಗಿ ಪ್ರಾರ್ಥನೆ ಸಲ್ಲಿಸಲು ಒಪ್ಪಿತು, ಮದುವೆ ಮಾಡಿಸಲು ಒಪ್ಪಲಿಲ್ಲ. ಅದಕ್ಕೂ ಎರಡೂ ಕಡೆಯಿಂದ ಅಸಮಾಧಾನ. ಉಗಾಂಡ ದೇಶವು 2023ರ ಮೇ ತಿಂಗಳಲ್ಲಿ ಕೆಲವು ಸಂದರ್ಭಗಳಿಗೆ ಮರಣದಂಡನೆಯನ್ನೂ ಸೇರಿಸಿ ಕ್ರೂರ ಕಾನೂನು ಮಾಡಿತು. ಪಶುಪತಿನಾಥನ ನೆಲವಾದ ನೇಪಾಳದಲ್ಲಿ 2023ರ ನವೆಂಬರಿನಲ್ಲಿ ಇಂಥ ಮೊದಲ ಮದುವೆ ನೋಂದಣಿಯಾಯಿತು. ಬುದ್ಧನನ್ನು ಪೂಜಿಸುವ ಥಾಯ್ಲೆಂಡಿನಲ್ಲಿ 2025ರ ಜನವರಿ 23ರಿಂದ ಇಂಥ ಮದುವೆಗೆ ಕಾನೂನಿನ ಮಾನ್ಯತೆ ಬಂದಿದೆ.

ಇವರಲ್ಲಿ ಯಾರನ್ನು ಅನುಕರಿಸಬೇಕೆಂದು ಹೇಳಲು ಇದನ್ನು ಬರೆಯಲಿಲ್ಲ. ಮನುಷ್ಯನನ್ನು ಹರಸುವುದು ಬೇರೆ, ಮದುವೆಯನ್ನು ನಡೆಸಿಕೊಡುವುದು ಬೇರೆ ಎಂಬ ವಿವೇಚನೆಗೆ ಬೇರೆ ಬೇರೆ ಧರ್ಮದ ಹಿರಿಯರು ಬಂದಿದ್ದಾರೆ ಎಂಬುದನ್ನು ತೋರಿಸಲು ಬರೆದೆವು. ನಮಗೆ ಇದು ಹೊಸದಲ್ಲ. ಗುರುವಿನ ಪಾದಕ್ಕೆ ಬಾಗಿದ ತಲೆಯ ಮೇಲೆ ಕೈ ಇಡುವಾಗ ಯಾವ ಗುರುವೂ ದಾಖಲೆ ಕೇಳುವುದಿಲ್ಲ. ದಾಸೋಹದ ಪಂಕ್ತಿಯಲ್ಲಿ ಪ್ರಸಾದ ನೀಡುವವರು ನೀನು ಮದುವೆಯಾದವನೋ ಅಲ್ಲವೋ ಎಂದು ಕೇಳುವುದಿಲ್ಲ. ಈ ಮಠದ ಪಾದೋದಕ ಪ್ರಸಾದಗಳು ಅವರಿಗೂ ಸಲ್ಲುತ್ತವೆ.

ಅಕ್ಕಿಕಾಳಿನಿಂದ ಸರಿಹೋಗುವುದೇ?

ಈಗ ಹಿರಿಯರ ಪ್ರಶ್ನೆಗೆ ಬರೋಣ. ಮದುವೆ ಮಾಡಿದರೆ ಸರಿಹೋಗುತ್ತದೆಯೇ? ಇಲ್ಲ. ಸರಿಹೋಗಲು ಇದು ರೋಗವಲ್ಲವೆಂದು ವೈದ್ಯರು ಹೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿಯೇ ಇದನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ಇದನ್ನು ಬದಲಿಸುತ್ತೇವೆಂದು ಚಿಕಿತ್ಸೆ ಕೊಡುವುದು ವೃತ್ತಿದ್ರೋಹವೆಂದು ನಮ್ಮ ದೇಶದ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸ್ಪಷ್ಟಪಡಿಸಿತು. ಆದ್ದರಿಂದ ಮಗನ ಮೈಗೆ ಕರೆಂಟು ಕೊಡಿಸುವುದು, ಗುಳಿಗೆ ನುಂಗಿಸುವುದು, ದೆವ್ವ ಬಿಡಿಸುವವರ ಹತ್ತಿರ ಎಳೆದೊಯ್ಯುವುದು ಬೇಡ. ಇದಕ್ಕಾಗಿ ತಾಯತ ಮಂತ್ರಿಸಿಕೊಳ್ಳಲು ಮಠಕ್ಕೂ ಬರಬೇಡಿರಿ. ಭಸ್ಮವು ಶಿವನ ನೆನಪಿಗಾಗಿ ಧರಿಸುವಂಥದು. ಒಬ್ಬನ ಸ್ವಭಾವವನ್ನು ತಿರುಚಲಿಕ್ಕಲ್ಲ.

ಹಾಗಾದರೆ ಅಕ್ಕಿಕಾಳು ಹಾಕಿದರೆ ಏನಾಗುತ್ತದೆ? ಒಬ್ಬ ಹೆಣ್ಣುಮಗಳ ಬಾಳು ಮಣ್ಣುಪಾಲಾಗುತ್ತದೆ. ನಿಮ್ಮ ಮನೆಯ ಮರ್ಯಾದೆ ಉಳಿಸಲು ಇನ್ನೊಬ್ಬರ ಮನೆಯ ಮಗಳನ್ನು ತಂದು ಕಟ್ಟಿಹಾಕುತ್ತೀರಿ. ಆಕೆ ಗಂಡನ ಮುಖ ನೋಡುತ್ತ, ತನ್ನಲ್ಲಿಯೇ ಏನೋ ಕೊರತೆಯಿದೆಯೆಂದು ಒಳಗೊಳಗೇ ಬೇಯುತ್ತಾಳೆ. ವರ್ಷ ಎರಡು ಕಳೆದರೆ ಓಣಿಯವರು ಬಂಜೆಯೆಂದು ಕರೆಯುವುದು ಆಕೆಯನ್ನು. ಹರಕೆ ಹೊರುವವಳು ಆಕೆ, ಉಪವಾಸ ಮಾಡುವವಳು ಆಕೆ, ದವಾಖಾನೆಯಿಂದ ದವಾಖಾನೆಗೆ ಅಲೆಯುವವಳು ಆಕೆ. ತವರಿನವರು ಎತ್ತು ಮಾರಿ, ಹೊಲ ಒತ್ತೆಯಿಟ್ಟು ಮಾಡಿದ ಮದುವೆ ಅದು; ತಿರುಗಿ ಹೋಗಲು ದಾರಿಯಿಲ್ಲ. ಇತ್ತ ಮಗನೂ ಸುಖಿಯಲ್ಲ. ಒಬ್ಬನ ಸಂಕಟವನ್ನು ಇಬ್ಬರ ಸಂಕಟ ಮಾಡಿ, ಕರ್ತವ್ಯ ಮುಗಿಯಿತೆಂದು ಹಿರಿಯರು ಕೈತೊಳೆದುಕೊಳ್ಳುತ್ತಾರೆ.

ಹೆಣ್ಣುಮಕ್ಕಳ ವಿಷಯ ಇನ್ನೂ ಕಠಿಣ. ಗಂಡು ಒಲ್ಲೆನೆಂದರೆ ಊರು ಬಿಟ್ಟು ಬೆಂಗಳೂರಿಗೋ ಪುಣೆಗೋ ಹೋಗಿಬಿಡುತ್ತಾನೆ. ಗಂಡಿನಲ್ಲಿ ಮನಸ್ಸಿಲ್ಲದ ಹೆಣ್ಣುಮಗಳು ಒಲ್ಲೆನೆಂದರೆ ಅದನ್ನು ಕೇಳುವ ಕಿವಿಯೇ ಇರುವುದಿಲ್ಲ. ಹಟವೆಂದು ಬಡಿದು ಮದುವೆ ಮಾಡುತ್ತಾರೆ. ಆಕೆಯ ಕೊರಳಲ್ಲಿ ಬಿದ್ದ ಮಾಂಗಲ್ಯ ಆಕೆಗೆ ದಿನದಿನದ ಶಿಕ್ಷೆ.

ಇದನ್ನು ಧರ್ಮಶಾಸ್ತ್ರದ ದೃಷ್ಟಿಯಿಂದ ನೋಡಿರಿ. ಗುರುಲಿಂಗಜಂಗಮರ ಸಾಕ್ಷಿಯಾಗಿ, ಪಂಚಕಳಸಗಳ ಎದುರು, ಬಂಧುಬಳಗದ ಮುಂದೆ ಆಡಿದ ಮಾತು ಸುಳ್ಳಾದರೆ, ಆ ಸುಳ್ಳಿಗೆ ಗುರುವನ್ನೂ ಲಿಂಗವನ್ನೂ ಜಂಗಮವನ್ನೂ ಸಾಕ್ಷಿ ಮಾಡಿದಂತಾಯಿತು. ಮಗನ ಸ್ವಭಾವವನ್ನು ದೋಷವೆಂದು ಕರೆಯುವ ತಂದೆತಾಯಿಗಳು, ಅದಕ್ಕಿಂತ ದೊಡ್ಡ ದೋಷವನ್ನು ತಾವೇ ಕೈಯಾರೆ ಮಾಡಿದಂತಾಯಿತು. ಸ್ವಭಾವವನ್ನು ಅವನು ಆರಿಸಿಕೊಂಡು ಬಂದವನಲ್ಲ. ಈ ವಂಚನೆಯನ್ನು ಮಾತ್ರ ಹಿರಿಯರು ತಿಳಿದು ತಿಳಿದೇ ಆರಿಸಿಕೊಂಡರು.

ಕಾನೂನೂ ಇದನ್ನು ಒಪ್ಪುವುದಿಲ್ಲ. 1955ರ ಹಿಂದೂ ವಿವಾಹ ಕಾಯಿದೆಯ 2ನೆಯ ಕಲಮಿನಲ್ಲಿಯೇ ವೀರಶೈವ, ಲಿಂಗಾಯತ ಎಂಬ ಹೆಸರುಗಳಿವೆ. ಅದು ನಮಗೂ ಅನ್ವಯಿಸುವ ಕಾಯಿದೆ. ಅದರ 12ನೆಯ ಕಲಮಿನ ಪ್ರಕಾರ, ವರನ ಅಥವಾ ವಧುವಿನ ಬಗೆಗಿನ ಮುಖ್ಯ ಸಂಗತಿಯನ್ನು ಮುಚ್ಚಿಟ್ಟು ವಂಚನೆಯಿಂದಲೋ, ಬಲವಂತದಿಂದಲೋ ಒಪ್ಪಿಗೆ ಪಡೆದಿದ್ದರೆ, ಮೋಸಹೋದವರು ಮದುವೆಯನ್ನು ರದ್ದುಮಾಡಿಸಲು ನ್ಯಾಯಾಲಯಕ್ಕೆ ಹೋಗಬಹುದು. ವಂಚನೆ ತಿಳಿದ ಒಂದು ವರ್ಷದೊಳಗೆ ಅರ್ಜಿ ಕೊಡಬೇಕು. ಹೆಣ್ಣು ಹೆತ್ತವರು ಇದನ್ನು ತಿಳಿದಿರಬೇಕು.

ಕಲ್ಯಾಣದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಆದ ಮದುವೆಯ ಕಥೆ ನಿಮಗೆಲ್ಲ ಗೊತ್ತು. ಹೊಸ ಬಗೆಯ ಮದುವೆಗಳನ್ನು ಒಪ್ಪಬೇಕೆನ್ನುವವರು ಅದನ್ನು ಉದಾಹರಿಸುತ್ತಾರೆ. ಎರಡೂ ಒಂದೇ ಎಂದು ನಾವು ಹೇಳುವುದಿಲ್ಲ. ಆದರೆ ಆ ಮದುವೆಯ ಒಂದು ಗುಣವನ್ನು ಎಲ್ಲರೂ ಗಮನಿಸಬೇಕು: ಅದರಲ್ಲಿ ಮುಚ್ಚುಮರೆ ಇರಲಿಲ್ಲ. ಯಾರು ಯಾರಿಗೆ ಕೊಡುತ್ತಿದ್ದಾರೆ ಎಂಬುದು ಊರಿಗೆಲ್ಲ ತಿಳಿದಿತ್ತು. ಆ ಹಿರಿಯರು ಪ್ರಾಣ ಕೊಟ್ಟರೇ ಹೊರತು ಸುಳ್ಳು ಹೇಳಲಿಲ್ಲ. ಅವರ ಹೆಸರು ಹೇಳಿ ಕೈಮುಗಿಯುವ ನಾವು, ನಾಲ್ಕು ಜನರ ಬಾಯಿಗೆ ಹೆದರಿ ಸುಳ್ಳಿನ ಮದುವೆ ಮಾಡಬಹುದೇ?

ಇನ್ನು ಕೆಲವರು ಬೇರೆ ದಾರಿ ಹುಡುಕುತ್ತಾರೆ. "ಮದುವಿ ಒಲ್ಲೆ ಅಂದ್ರ ಮಠಕ್ಕರ ಬಿಡ್ತೀವಿ, ಸ್ವಾಮಿಗೋಳನ್ನ ಮಾಡ್ರಿ" ಎನ್ನುತ್ತಾರೆ. ಸಂನ್ಯಾಸವು ವೈರಾಗ್ಯದಿಂದ ಹುಟ್ಟಬೇಕು, ನಾಚಿಕೆಯಿಂದಲ್ಲ. ಶಿವನ ಮೇಲಿನ ಹಂಬಲದಿಂದ ಬಂದವನಿಗೆ, ಅವನ ಸ್ವಭಾವ ಏನೇ ಇರಲಿ, ವ್ರತ ಎಲ್ಲರಿಗೂ ಒಂದೇ. ಆದರೆ ಮನೆಯ ಗುಟ್ಟು ಮುಚ್ಚಲು ಕಾವಿ ಉಡಿಸಿದರೆ ಕಾವಿಗೂ ಕುಂದು, ಹುಡುಗನಿಗೂ ಕೇಡು. ನಾವೂ ಮದುವೆಯಾಗದವರೇ. ನಮ್ಮನ್ನು ಯಾಕೆ ಮದುವೆಯಾಗಲಿಲ್ಲವೆಂದು ಕೇಳದೆ ಪಲ್ಲಕ್ಕಿಯಲ್ಲಿ ಕೂರಿಸುವ ಸಮಾಜ, ಮದುವೆಯಾಗದೆ ಸುಮ್ಮನೆ ದುಡಿದು ತಿನ್ನುವ ಮಗನನ್ನು ಮಾತ್ರ ಕಂಡಕಂಡಲ್ಲಿ ಯಾಕೆ ಕಾಡಬೇಕು?

ಮಾಡಬೇಕಾದದ್ದು

ತಂದೆತಾಯಿಗಳಿಗೆ ನಮ್ಮ ಮಾತು ಇಷ್ಟು. ಮಗನೋ ಮಗಳೋ ಧೈರ್ಯ ಮಾಡಿ ಈ ಸಂಗತಿ ಹೇಳಿದರೆ, ಆ ದಿನ ಕೈ ಎತ್ತಬೇಡಿರಿ, ಹೊರಗೆ ಹಾಕಬೇಡಿರಿ. ನಿಮಗೆ ಅರ್ಥವಾಗದಿದ್ದರೆ ಅರ್ಥವಾಗಲಿಲ್ಲವೆಂದು ಹೇಳಿರಿ. ಉಣ್ಣಲು ಕರೆಯುವುದನ್ನು ಮಾತ್ರ ಬಿಡಬೇಡಿರಿ. ಊರಿನ ಬಾಯಿ ಹತ್ತು ದಿನ ಆಡಿ ಹನ್ನೊಂದನೆಯ ದಿನ ಬೇರೆ ಸುದ್ದಿ ಹಿಡಿಯುತ್ತದೆ. ಬಾವಿಗೆ ಬಿದ್ದ ಮಗು ತಿರುಗಿ ಬರುವುದಿಲ್ಲ. ವಂಶ ನಿಂತುಹೋಗುತ್ತದೆಂದು ಹಲುಬುವವರಿಗೆ ನೆನಪಿಸುತ್ತೇವೆ: ಗುರುಮಾರ್ಗದಲ್ಲಿ ಪರಂಪರೆ ನಡೆಯುವುದು ಕರಕಮಲದಿಂದ, ರಕ್ತದಿಂದಲ್ಲ. ಮಕ್ಕಳಿಲ್ಲದ ಎಷ್ಟು ಜನ ಪುಣ್ಯವಂತರ ಹೆಸರಿನಲ್ಲಿ ಇಂದಿಗೂ ಮಠಗಳಲ್ಲಿ ದಾಸೋಹ ನಡೆಯುತ್ತಿಲ್ಲ?

ತರುಣರಿಗೂ ಒಂದು ಮಾತು. ಹಿರಿಯರ ಕಣ್ಣೀರಿಗೆ ಕರಗಿ, ಮನಸ್ಸಿಲ್ಲದ ಮದುವೆಗೆ ತಲೆಯಾಡಿಸಬೇಡಿರಿ. ಅದು ತಂದೆತಾಯಿಗಳ ಸೇವೆಯಲ್ಲ, ಇನ್ನೊಂದು ಜೀವಕ್ಕೆ ಮಾಡುವ ದ್ರೋಹ. ಹಾಗೆಯೇ ನಿಮ್ಮ ಹಿರಿಯರು ಒಂದೇ ದಿನದಲ್ಲಿ ತಿಳಿದುಕೊಳ್ಳಬೇಕೆಂದು ಅಪೇಕ್ಷಿಸಬೇಡಿರಿ. ನಿಮಗೇ ನಿಮ್ಮನ್ನು ಅರಿಯಲು ವರ್ಷಗಳು ಬೇಕಾದವು. ಅವರಿಗೂ ಕೆಲವು ವರ್ಷ ಕೊಡಿರಿ. ಸದಾಚಾರ, ಕಾಯಕ, ನಿಷ್ಠೆ ಇವು ನಿಮಗೂ ತಪ್ಪಿದ್ದಲ್ಲ. ಪೂಜೆಯನ್ನು ಬಿಡಬೇಡಿರಿ. ನಿಮ್ಮ ಮೇಲೆ ಜನ ಮುನಿದರೆ ಲಿಂಗದ ಮೇಲೆ ನೀವು ಮುನಿಯಬಾರದು.

ಮಠವೂ ತನ್ನ ಪಾಲಿನದನ್ನು ಮಾಡಬೇಕು. ನಮ್ಮಲ್ಲಿ ಸಾಮೂಹಿಕ ವಿವಾಹಕ್ಕೆ ಹೆಸರು ಬರೆಸುವಾಗ ವರನಿಗೆ 21, ವಧುವಿಗೆ 18 ತುಂಬಿದ ದಾಖಲೆಯನ್ನು ಕೇಳುತ್ತೇವೆ. ಇಲ್ಲದಿದ್ದರೆ ಹೆಸರು ಬರೆದುಕೊಳ್ಳುವುದಿಲ್ಲ. ಇನ್ನು ಮುಂದೆ ಇನ್ನೊಂದು ನಿಯಮ ಸೇರುತ್ತದೆ. ಹೆಸರು ಬರೆಸಿದ ಪ್ರತಿಯೊಬ್ಬ ವರನನ್ನು ಒಬ್ಬ ಹಿರಿಯ ಜಂಗಮರು, ಪ್ರತಿಯೊಬ್ಬ ವಧುವನ್ನು ಒಬ್ಬ ಹಿರಿಯ ತಾಯಿ ಒಂಟಿಯಾಗಿ ಕೂರಿಸಿಕೊಂಡು, ಈ ಮದುವೆಗೆ ನಿಜವಾಗಿ ಮನಸ್ಸಿದೆಯೇ ಎಂದು ಕೇಳುತ್ತಾರೆ. ತಂದೆತಾಯಿಗಳು ಆಗ ಒಳಗೆ ಇರುವಂತಿಲ್ಲ. ಒಲ್ಲೆನೆಂದವರ ಹೆಸರನ್ನು, ಕಾರಣ ಕೇಳದೆ, ಕಾರಣ ಹೇಳದೆ, ಮಠದ ಕಡೆಯಿಂದಲೇ ಪಟ್ಟಿಯಿಂದ ಬಿಡಲಾಗುವುದು. ಹಳ್ಳಿಗಳಲ್ಲಿ ಮದುವೆ ಮಾಡಿಸುವ ಎಲ್ಲ ಶಾಸ್ತ್ರಿಗಳಿಗೂ, ಅಯ್ಯನವರಿಗೂ ಇದೇ ಪದ್ಧತಿಯನ್ನು ಪಾಲಿಸಬೇಕೆಂದು ತಿಳಿಸುತ್ತೇವೆ. ದಕ್ಷಿಣೆ ಹೋದರೆ ಹೋಗಲಿ.

ಶಾಸ್ತ್ರವೂ ಕಾಲವೂ ಎಲ್ಲ ವಿಷಯಗಳಲ್ಲಿ ಒಮ್ಮತಕ್ಕೆ ಬರುವವರೆಗೆ ನಾವು ಬದುಕಿರುತ್ತೇವೆಯೋ ಇಲ್ಲವೋ. ಅಲ್ಲಿಯವರೆಗೆ ಮನೆಯ ಮಕ್ಕಳನ್ನು ಬೀದಿಯಲ್ಲಿ ನಿಲ್ಲಿಸಿ ಕಾಯಿಸಲಾಗದು. ಮದುವೆಯ ಬಗೆಗೆ ನಿಮ್ಮಲ್ಲಿ ಭಿನ್ನಾಭಿಪ್ರಾಯವಿರಲಿ. ಸತ್ಯದ ಬಗೆಗೆ, ಅನ್ನದ ಬಗೆಗೆ, ಇನ್ನೊಬ್ಬರ ಮನೆಯ ಹೆಣ್ಣುಮಗಳ ಕಣ್ಣೀರಿನ ಬಗೆಗೆ ಭಿನ್ನಾಭಿಪ್ರಾಯ ಬೇಡ. ಪರಶಿವನು ಎಲ್ಲ ಮನೆಗಳಿಗೂ ಸತ್ಯ ನುಡಿಯುವ ಧೈರ್ಯವನ್ನು, ಸತ್ಯ ಕೇಳುವ ಸಹನೆಯನ್ನು ಕರುಣಿಸಲೆಂದು ಹಾರೈಸುತ್ತೇವೆ.

ಇತ್ಯಾಶೀರ್ವಾದಗಳು.